ಕನಸೆಂದು ಗೊತ್ತಾದ ಮೇಲೆ

ಲಾಂಡ್ರಿ ಕೆಲಸ ಮುಗಿಸಿದ ಇಬ್ಬರು ಹೆಂಗಸರು ಬಸ್ ಸ್ಟಾಪಿನಲ್ಲಿ ನನ್ನ ಪಕ್ಕ ಕುಸಿದು ಕೂತರು. ಹಿರಿಯವಳು ತನ್ನ ಅಂಗೈ ನೋಡಿಕೊಳ್ಳುತ್ತಿದ್ದಳು.

“ಇನ್ನೂ ಕೈ ನೋಡ್ಕೋತಿದ್ದೀರಾ ಅಕ್ಕ?”

“ನೀನೇ ಹೇಳ್ಕೊಟ್ಟೆಯಲ್ಲೇ. ಹಗಲೆಲ್ಲ ಬೆರಳು ಐದೇ ಇದೆಯಾ ನೋಡ್ಕೊ, ಕನಸಲ್ಲಾದ್ರೆ ಲೆಕ್ಕ ತಪ್ಪುತ್ತೆ, ‘ಕನಸು ಬಿದ್ರೆ ಕನಸು ಅಂತ ಗೊತ್ತಾಗ್ಲಿ’ ಅಂದ್ಕೊಂಡು ಮಲಗು ಅಂತ.”

“ಗೊತ್ತಾಯ್ತಾ?”

“ನಿನ್ನೆ ಗೊತ್ತಾಯ್ತು. ನಿಮ್ಮ ಭಾವ ಕನ್ನಡಿ ಮುಂದೆ ಶೇವ್ ಮಾಡ್ಕೋತಿದ್ರು. ಕೈ ನೋಡ್ಕೊಂಡೆ, ಆರು ಬೆರಳು.”

“ಮತ್ತೇನು! ಮನಸ್ಸಲ್ಲಿದ್ದಿದ್ದೆಲ್ಲ ಮಾತಾಡ್ಬಹುದಿತ್ತು.”

“ಏನು ಮಾತಾಡ್ಲಿ? ಕನಸು ಅಂತ ಗೊತ್ತಾದ ತಕ್ಷಣ ಅವರು ಹೋಗ್ಬಿಟ್ಟಿದ್ದಾರೆ ಅನ್ನೋದೂ ನೆನಪಾಯ್ತು. ಪಾಪ, ಅವರಿಗೆ ಗೊತ್ತಿಲ್ಲ. ಹಾಡು ಗುನುಗ್ತಾ ನಿಂತಿದ್ರು.”

“ಮೊದಲೂ ಕನಸಲ್ಲಿ ಬರ್ತಿದ್ರು ಅಂತಿದ್ರಲ್ಲ?”

“ಬರ್ತಿದ್ರು. ಒದ್ದೆ ಟವೆಲ್ ಹಾಸಿಗೆ ಮೇಲೆ ಎಸೆದಿದ್ದಕ್ಕೆ ಬಾಯಿಗೆ ಬಂದ ಹಾಗೆ ಬೈತಿದ್ದೆ. ಇದ್ದಾರೆ ಅಂದ್ಕೊಂಡೇ ಬೈತಿದ್ದೆ ಕಣೇ.”

ಬಸ್ಸು ಬಂತು.

“ಈ ಕೈ ನೋಡ್ಕೊಳ್ಳೋದನ್ನ ಮರೆಯೋದು ಹೇಗೆ ಅಂತಾನೂ ಹೇಳ್ಕೊಡು,” ಎಂದು ಹಿರಿಯವಳು ಎದ್ದಳು. ಬಾಗಿಲ ಕಂಬಿ ಹಿಡಿಯುವ ಮೊದಲು ಇನ್ನೊಮ್ಮೆ ಅಂಗೈ ನೋಡಿಕೊಂಡಳು.