ನಗಸೋ ರಾಕ್ಷಸರ ಕಥಿ ಓದ್ತಿದ್ದ ಕಲ್ಯಾಣಪ್ಪ ಡಾಕ್ಟ್ರು

ಎಲ್ಲಾರಿಗೂ ಶರಣು. ಕಲ್ಯಾಣಪ್ಪ ಡಾಕ್ಟ್ರ ಮನಿಯವ್ರು ಶರಣಬಸಮ್ಮ ಅಕ್ಕಾರು, ಮಗಳು ಪೂರ್ಣಿಮಾ, ಸಿರ್ಗಾಪುರ, ರಾಯಿಕೋಡ್ ಕಡಿಂದ ಕೆಲಸ ಬಿಟ್ಟು ಬಂದ ಕುರಿಯವ್ರು, ನಮ್ಮ ಇಲಾಖೆಯ ಹಿರಿಯರು — ಎಲ್ಲಾರಿಗೂ ನಮಸ್ಕಾರ. ನಾನು ಭೀಮೇಶ. ನಾರಾಯಣಖೇಡದ ದನದ ದವಾಖಾನಿಯೊಳಗ ಡಾಕ್ಟ್ರ ಕೈ ಕೆಳಗ ಕಂಪೌಂಡರ್. ಅವ್ರು ತೀರ್ಕೊಂಡ ಮ್ಯಾಲ ಹೊಸ ಡಾಕ್ಟ್ರು ಇನ್ನೂ ಬಂದಿಲ್ಲ. ಕುರಿಗಿ ಸೂಜಿ ಮಾಡೋ ಕೆಲಸ ನಿಂತಿಲ್ಲ. ಇವತ್ತೂ ಮುಂಜಾನಿ ಹಟ್ಟಿಗಿ ಹೋಗಿ, ಅಲ್ಲಿಂದ ನೆಟ್ಟಗ ಇಲ್ಲಿಗೇ ಬಂದೀನಿ. ದಣಿವಾಗ್ಯದ. ದನಿ ಸಣ್ಣದಾದ್ರ ಸೈರಿಸ್ಕೊಳ್ರಿ.

ಅವ್ರು ಕುರಿ ಕಾಯೋರ ಮನ್ಯಾಗ ಹುಟ್ಟಿ ಡಾಕ್ಟ್ರಾದವ್ರು — ಇದನ್ನ ಮೊದಲು ಮಾತಾಡಿದವ್ರು ಹೇಳ್ಯಾರ. ಅವ್ರ ಸೇವಾ, ಸರಳತನ, ಅದೂ ಹೇಳ್ಯಾರ. ನಾ ಅವ್ರ ಓದಿನ ಬಗ್ಗೆ ಹೇಳ್ತೀನಿ.

ಅವ್ರು ಓದ್ತಿದ್ದುದು ಒಂದೇ ನಮೂನಿ ಕಾದಂಬರಿ. ಅದ್ರಾಗ ಮಂತ್ರಗಾರರು, ರಾಕ್ಷಸರು, ಮಾತಾಡೋ ಪ್ರಾಣಿಗಳು ಇರ್ಬೇಕು — ಮತ್ತ ನಗು ಬರ್ಬೇಕು. ಇಂಗ್ಲಿಷಿನ್ಯಾಗ ಓದ್ತಿದ್ರು, ತೆಲುಗಿನ್ಯಾಗ ಓದ್ತಿದ್ರು, ಜೀಪಿನ್ಯಾಗ ಕೂತು ನನ್ಗ ಕನ್ನಡದಾಗ ಹೇಳ್ತಿದ್ರು. ಆಫೀಸಿನವ್ರು ಕಾಡ್ತಿದ್ರು, "ಇವು ಮಕ್ಕಳ ಪುಸ್ತಕ ಅಲ್ಲೇನ್ರಿ, ಡಾಕ್ಟ್ರೇ?"

"ಮಕ್ಕಳಿಗಿ ಬರೇ ರಾಕ್ಷಸ ಸಾಕ್ರಿ," ಅಂತಿದ್ರು. "ರಾಕ್ಷಸನ ಸಂಸಾರ ನೋಡಿ ನಗಾಕ ವಯಸ್ಸಾಗಬೇಕು."

ಅವ್ರ ಅಭಿಪ್ರಾಯ ಭಾಳ ಕಠಿಣ. ಒಂದು ಕಾದಂಬರಿಯೊಳಗ ಕುರಿ ಮಾತಾಡ್ತಿತ್ತಂತ, ವೇದಾಂತ ಹೇಳ್ತಿತ್ತಂತ. ಡಾಕ್ಟ್ರು ಪುಸ್ತಕ ಹಿಂದಿನ ಸೀಟಿಗಿ ಒಗದ್ರು — ಹಿಂಗ. "ಭೀಮೇಶಾ, ಕುರಿಗಿ ಮಾತು ಬಂದ್ರ ಮೊದಲ ಕೇಳೋದು ಮೇವು. ಆಮ್ಯಾಲ ತನ್ನ ಮರಿ ಎಲ್ಲದ ಅಂತದ. ಇದನ್ನ ಬರದವಗ ಕುರಿ ಗೊತ್ತಿಲ್ಲ." ರಾಜನ್ನ ಬಿಟ್ಟು ರಾಜನ ಆಳನ್ನ ತೋರ್ಸಿ ನಗಸೋ ಲೇಖಕ ಅಂಜುಬುರುಕ. ನಗಸಿದ ಮ್ಯಾಲ ಯಾಕ ನಗಬೇಕು ಅಂತ ಬಿಡಿಸಿ ಹೇಳೋವ ಅವನಕಿಂತ ಕಡಿಮಿ, ಅಂತಿದ್ರು.

ಆದ್ರ ಒಂದು ಪುಸ್ತಕ ಅವ್ರಿಗಿ ಜೀವ. ಅದ್ರಾಗ ಒಬ್ಬ ಮುದಿ ಮಂತ್ರಗಾರ, ಮಂತ್ರ ಎಲ್ಲಾ ಮರ್ತಾನ. ಊರಿನವ್ರಿಗಿ ಹೇಳಾಕ ನಾಚಿಕಿ. ಕರದ ಮನಿಗಿ ಹೋಗ್ತಾನ, ಕೂಡ್ತಾನ, ಚಾ ಕುಡದು ಬರ್ತಾನ. "ಇದು ನಂದೇ ಕಥಿ," ಅಂದು ಕಣ್ಣಾಗ ನೀರು ಬರೋ ಹಂಗ ನಕ್ಕಿದ್ರು.

ಒಂದು ವರ್ಷ ಸಿರ್ಗಾಪುರದ ಕಡಿ ಕುರಿಗಳಿಗಿ ಜಡ್ಡು ಬಂತು. ಸುದ್ದಿ ನಮ್ಗ ತಡಾಗಿ ಮುಟ್ಟಿತು. ಪೀರಮ್ಮನ ಹಿಂಡಿನ್ಯಾಗ ಉಳದವು ಸ್ವಲ್ಪೇ. ಪೀರಮ್ಮ — ಇಲ್ಲೇ ಮುಂದ ಕೂತಾಳ — ಅವತ್ತು ಬಾಯಿಗಿ ನೀರೂ ಹಾಕ್ಲಿಲ್ಲ. ಡಾಕ್ಟ್ರು ಉಳದ ಕುರಿಗಳಿಗಿ ಔಷಧ ಕೊಟ್ಟು ಮುಗ್ಸಿ ಅಕಿ ಬಾಜೂಕ ನೆಲದ ಮ್ಯಾಲ ಕೂತ್ರು. ಸಮಾಧಾನ ಹೇಳ್ತಾರ ಅಂದ್ಕೊಂಡೆ. ಅವ್ರು ಆ ಮುದಿ ಮಂತ್ರಗಾರನ ಕಥಿ ಶುರು ಮಾಡಿದ್ರು. ನನ್ಗ ಅಂಜಿಕಿ ಆತು — ಸತ್ತ ಕುರಿಗಳ ಎದುರಿಗಿ ನಗಸೋ ಕಥೀನಾ?

ಪೀರಮ್ಮ ನಗ್ಲಿಲ್ಲ. ಕಥಿ ಮುಗದ ಮ್ಯಾಲ ಕೇಳಿದ್ಲು, "ಆ ಮುದುಕ ಸತ್ತ ಕುರಿ ಎಬ್ಬಸ್ತಾನೇನ್ರಿ?"

"ಇಲ್ಲವ್ವ. ಅವನ ಕೈಲಿ ಆಗಂಗಿಲ್ಲ. ಎಬ್ಬಸ್ತಾನ ಅಂತ ಬರದಿದ್ರ ಆ ಪುಸ್ತಕ ನಾ ಮುಂದ ಓದ್ತಿದ್ದಿಲ್ಲ."

"ಮತ್ತ ಏನ್ ಮಾಡ್ತಾನ?"

"ಕೂಡ್ತಾನ. ಚಾ ಕುಡೀತಾನ."

ಪೀರಮ್ಮ ಎದ್ದು ಒಲಿ ಹಚ್ಚಿದ್ಲು.

ತಿರುಗಿ ಬರೋವಾಗ ನಾ ಅಂದೆ, "ನಗೂನೂ ಒಂದು ಔಷಧಾನೇ ನೋಡ್ರಿ ಸರ್." ಸಿಟ್ಟಿಗೆದ್ರು. "ಔಷಧ ಅಂದ್ರ ಔಷಧಾನೇ. ಸೂಜಿ ಮೊದಲೇ ಆಗಬೇಕಿತ್ತು, ಆಗ್ಲಿಲ್ಲ. ಅದನ್ನ ಕಥಿಲಿಂದ ಮುಚ್ಚಬ್ಯಾಡ."

ಹೋದ ತಿಂಗಳು ಎದಿ ನೋವಂತ ಜಹೀರಾಬಾದಿನ ದವಾಖಾನಿಯೊಳಗ ಮಲಗಿದ್ರು. ನೋಡಾಕ ಹೋದೆ. "ಅಕ್ಷರ ಕಾಣವಲ್ದು, ನೀ ಓದು," ಅಂತ ಒಂದು ತೆಲುಗು ಪುಸ್ತಕ ಕೈಗಿ ಕೊಟ್ರು. ತಡವರಸ್ಕೋತ ಓದ್ದೆ. ಒಬ್ಬಾಕಿ ರಾಕ್ಷಸಿ ಮಗಳಿಗಿ ವರ ಹುಡಕ್ಕೋತ ನಮ್ಮ ತಾಂಡೂರಿನಂಥ ಕಲ್ಲುಗಣಿ ಊರಿಗಿ ಬರ್ತಾಳ. ಊರ ಮಂದಿ ಓಡಿ ಹೋಗಂಗಿಲ್ಲ, ಅಕಿ ಜಾತಿ ಕೇಳ್ತಾರ.

"ಹೆಂಗದ ಸರ್?" ಅಂದೆ.

"ಬರದವ ಅವಸರ ಮಾಡ್ಯಾನ. ನಗಸೋವ ಅವಸರ ಮಾಡಬಾರದು." ನಾ ಪುಸ್ತಕ ಮುಚ್ಚಾಕ ಹೋದ್ರ, "ಆದ್ರೂ ಓದು. ರಾಕ್ಷಸಿ ಚಲೋ ಇದ್ದಾಳ," ಅಂದ್ರು.

ನಾ ಓದಕೋತ ಹೋದೆ. ಅವ್ರಿಗಿ ನಿದ್ದಿ ಹತ್ತಿತು. ಮರುದಿನ ಸಂಜಿಮುಂದ ತೀರ್ಕೊಂಡ್ರು.

ಪುಸ್ತಕ ನೀನೇ ಇಟ್ಕೋ ಅಂತ ಅಕ್ಕಾರು ನನ್ಗೇ ಕೊಟ್ಟಾರ. ಜೀಪಿನ್ಯಾಗ ಅದ. ತೆಗಿಯಾಕ ಮನಸ್ಸಾಗಿಲ್ರಿ. ಓದಿ ಮುಗ್ಸಿ, ಇದು ಚಲೋ ಅದ, ಇದು ಕೆಟ್ಟದ ಅಂತ — ಯಾರ ಕೂಡ ಜಗಳಾಡ್ಲಿ?

ನನ್ನ ಕಡಿ ಇನ್ನ ಮಾತಿಲ್ಲ. ಎಲ್ಲಾರೂ ಏಳ್ರಿ. ವಯಸ್ಸಾದವ್ರು ಕೂತ್ರೂ ನಡೀತದ. ಪೀರಮ್ಮಾ, ಅಳು ಬಂದ್ರ ಅಳು, ಯಾರೂ ಏನೂ ಅನ್ನಂಗಿಲ್ಲ. ಡಾಕ್ಟ್ರ ಹೆಸರಿನ್ಯಾಗ, ಏನೂ ಬೇಡ್ಕೊಳ್ಳದೆ, ಜರಾ ಹೊತ್ತು ಸುಮ್ಮನ ನಿಂದ್ರೋಣ.