ರಸ್ತೆಯಾಚೆಗೊಂದು ಎಳೆ

ಮಾರ್ಚ್ ಹದಿನೈದು, ಶನಿವಾರ ಸಂಜೆ. ಮುದ್ರಣಾಲಯದ ಊಟದ ಹಾಲ್. ವೈಫೈ ವಿಭಾಗದ ಮುಖ್ಯಸ್ಥರಿಗೆ ಸನ್ಮಾನ. ಅಭಿನಂದನೆಯ ಮಾತು, ಕೇಬಲ್ ವಿಭಾಗದ ಹಿರಿಯರಿಂದ.

ಮಾನ್ಯ ಅಧ್ಯಕ್ಷರೇ, ವೇದಿಕೆಯಲ್ಲಿರುವ ಅತಿಥಿಗಳೇ, ಇಂದಿನ ಸನ್ಮಾನಿತರೇ, ಯಂತ್ರಶಾಲೆಯಿಂದ ಕೈ ತೊಳೆದುಕೊಂಡು ನೇರವಾಗಿ ಬಂದು ಹಿಂದೆ ನಿಂತಿರುವ ಗೆಳೆಯರೇ, ಸಭಿಕರೇ,

ನನ್ನ ಕೈಗೆ ಕೊಟ್ಟಿರುವ ಈ ಮೈಕಿಗೆ ತಂತಿಯಿಲ್ಲ. ಯಾರ ಯೋಜನೆ ಎಂದು ನಾನು ಕೇಳುವುದಿಲ್ಲ. ನಡುವೆ ಗೊರಗೊರ ಸದ್ದು ಬಂದರೆ ಅದು ನನ್ನ ಗಂಟಲಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ಸನ್ಮಾನಿತರ ಬಗ್ಗೆ ಐದು ನಿಮಿಷ ಒಳ್ಳೆಯ ಮಾತಾಡಬೇಕೆಂದು ಕಾರ್ಯದರ್ಶಿಗಳು ಹೇಳಿದ್ದಾರೆ. ನಾನೇ ಏಕೆ? ಇಲ್ಲಿ ಕೇಬಲ್ ಎಳೆಯುವವರಲ್ಲಿ ನಾನು ಹಿರಿಯ, ಅದು ಒಂದು. ಇನ್ನೊಂದು ನಿಮಗೆಲ್ಲ ಗೊತ್ತಿರುವುದೇ: ಅವರು ನನ್ನ ಷಡ್ಡಕ. ಅಕ್ಕನನ್ನು ನಾನು ಮದುವೆಯಾದೆ, ತಂಗಿಯನ್ನು ಅವರು. ಅಂದಮೇಲೆ ಅವರ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಏನಿದೆ? ಗೊತ್ತಿಲ್ಲದ್ದನ್ನು ನನ್ನ ಹೆಂಡತಿ ದಿನಾ ಹೇಳುತ್ತಾಳೆ.

ಅವರಿಗೆ ಕೊಟ್ಟ ಫಲಕ ಚೆನ್ನಾಗಿದೆ. ನನಗೆ ಹಿಂದೊಮ್ಮೆ ಕೊಟ್ಟದ್ದಕ್ಕಿಂತ ಎರಡು ಬೆರಳು ದೊಡ್ಡದು. ಇದನ್ನು ಹೊಟ್ಟೆಕಿಚ್ಚು ಎಂದುಕೊಳ್ಳಬೇಡಿ. ಅಳತೆ ನನ್ನ ಕಸುಬು.

ಸಭಿಕರೇ, ನಾನು ಸೇರಿದಾಗ ಪುಟ ಸಿದ್ಧಪಡಿಸುವ ಕೋಣೆಯಿಂದ ಯಂತ್ರಶಾಲೆಗೆ ಪುಟಗಳು ಡಬ್ಬಿಯಲ್ಲಿ ಹೋಗುತ್ತಿದ್ದವು. ಹೊತ್ತವನು ಎಡವಿದರೆ ಪುಸ್ತಕ ಒಂದು ದಿನ ತಡ. ಆ ದಾರಿಯನ್ನು ಕೇಬಲಿನಿಂದ ಕಟ್ಟಿದವನು ಯಾರು? ಕಚೇರಿಗಳಿಗೆ ತಾಮ್ರ ಸಾಕು, ಜೋಡಿ ಜೋಡಿಯಾಗಿ ಹೆಣೆದ ತಾಮ್ರ. ಆದರೆ ನೂರು ಮೀಟರ್ ದಾಟಿದರೆ ಅದು ಸೋಲುತ್ತದೆ. ಯಂತ್ರಶಾಲೆ ಅದಕ್ಕಿಂತ ದೂರ. ಮೇಲಾಗಿ ಅಲ್ಲಿ ದೊಡ್ಡ ಮೋಟಾರುಗಳು. ಮೋಟಾರಿನ ಪಕ್ಕದಲ್ಲಿ ತಾಮ್ರ ಹಾಯಿಸಿದರೆ ಅದರ ಗದ್ದಲವೆಲ್ಲ ತಂತಿಯೊಳಗೆ ನುಗ್ಗುತ್ತದೆ. ಅಲ್ಲಿಗೆ ಗಾಜಿನ ಎಳೆಯೇ ಬೇಕು, ಫೈಬರ್. ಅದರೊಳಗೆ ಹರಿಯುವುದು ಬೆಳಕು, ಮೋಟಾರು ಎಷ್ಟು ಅರಚಿದರೂ ಬೆಳಕಿಗೆ ಕಿವಿಯಿಲ್ಲ. ಹಾಗೆಂದು ಅಂದಿನ ಸಭೆಯಲ್ಲಿ ವಾದಿಸಿದವನು ಯಾರು? ಹೋಗಲಿ ಬಿಡಿ. ಇದು ನನ್ನ ಸನ್ಮಾನವಲ್ಲ.

ಆಮೇಲೆ ಷಡ್ಡಕರು ಬಂದರು, ವೈಫೈ ಬಂತು. ಸೂರಿಗೆ ಬಿಳಿಯ ತಟ್ಟೆಗಳು ಅಂಟಿಕೊಂಡವು. ಅವುಗಳಿಗೆ ಆಕ್ಸೆಸ್ ಪಾಯಿಂಟ್ ಎನ್ನುತ್ತಾರೆ. ಗಾಳಿಯಲ್ಲಿ ಜಾಲವನ್ನು ಹಂಚುವುದು ಅವು. ಜನ ತಲೆಯೆತ್ತಿ ನೋಡಿ, "ಅಬ್ಬಾ, ತಂತಿನೇ ಇಲ್ಲ!" ಅಂದರು. ಆ ತಟ್ಟೆಯ ಬೆನ್ನಿಗೆ ಏನಿದೆ ಎಂದು ಯಾರಾದರೂ ಕೇಳಿದಿರಾ? ಅದರ ಬೆನ್ನಿಗೆ ಒಂದು ಕೇಬಲ್ ಇದೆ. ಆ ಕೇಬಲ್ ಸೂರಿನ ಮೇಲೆ ಧೂಳಿನಲ್ಲಿ ತೆವಳಿ ನನ್ನ ಸ್ವಿಚ್ಚಿಗೆ, ಕೇಬಲುಗಳೆಲ್ಲ ಬಂದು ಸೇರುವ ಪೆಟ್ಟಿಗೆಗೆ, ಬರುತ್ತದೆ. ಧೂಳಿನಲ್ಲಿ ಜೊತೆಗೆ ತೆವಳಿದವನು ಇಲ್ಲಿ ನಿಂತು ಮಾತಾಡುತ್ತಿದ್ದಾನೆ.

ಕಾಗದದ ಗೋದಾಮಿನ ಪ್ರಸಂಗ ಹೇಳಲೇಬೇಕು. ಗೋದಾಮು ಖಾಲಿಯಿದ್ದಾಗ ಇವರು ಅಳೆದರು. ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಗಂಟೆ ಹೊಡೆದ ಹಾಗೆ ಸಂಕೇತ. ಮರುವಾರ ಕಾಗದದ ಸುರುಳಿಗಳು ಬಂದವು, ಸೂರಿನ ತನಕ. ಕಾಗದ ಅಲೆಗಳನ್ನು ನುಂಗುತ್ತದೆ ಸ್ವಾಮಿ. ಗೋದಾಮಿನವರು ಫೋನು ಹಿಡಿದುಕೊಂಡು ಬಾಗಿಲಿಗೆ ಓಡಿ ಬಂದು ಲೆಕ್ಕ ಒಪ್ಪಿಸುವಂತಾಯಿತು. ನನಗೆ ನಗು ತಡೆಯಲಿಲ್ಲ. ಇವರು ನೇರವಾಗಿ ನನ್ನ ಹತ್ತಿರ ಬಂದು, "ಅಣ್ಣ, ನಕ್ಕು ಮುಗೀತಾ? ಮುಗಿದಿದ್ರೆ ಪ್ರತಿ ಸಾಲಿನ ನಡುವೆ ಒಂದೊಂದು ಕೇಬಲ್ ಎಳೆದುಕೊಡಿ, ತಟ್ಟೆ ಅಲ್ಲಲ್ಲೇ ಹಾಕ್ತೀನಿ. ನಾನು ಖಾಲಿ ಗೋದಾಮು ಅಳೆದೆ, ದಡ್ಡತನ ಆಯ್ತು" ಅಂದರು. ದಡ್ಡತನ ಎಂದು ತಾವೇ ಹೇಳಿಬಿಟ್ಟರೆ ಎದುರಿಗಿದ್ದವನಿಗೆ ಆಡಲು ಏನು ಉಳಿಯುತ್ತದೆ? ಎಳೆದುಕೊಟ್ಟೆ. ಆ ರಾತ್ರಿ ಮನೆಯಲ್ಲಿ ಹೆಂಡತಿ, "ನೋಡಿ, ಗೋದಾಮು ಸರಿಮಾಡಿದ್ರಂತೆ ನಮ್ಮ ತಂಗಿ ಮನೆಯವರು. ತಪ್ಪು ಒಪ್ಕೊಳ್ಳೋಕೂ ದೊಡ್ಡ ಮನಸ್ಸು ಬೇಕು, ಕಲಿತುಕೊಳ್ಳಿ" ಅಂದಳು.

ಹಿಂದೆ ಹಬ್ ಎಂಬ ಪೆಟ್ಟಿಗೆಯಿತ್ತು. ಒಬ್ಬರಿಗೆ ಬಂದ ಮಾತನ್ನು ಅದು ಎಲ್ಲರಿಗೂ ಕೂಗಿ ಹೇಳುತ್ತಿತ್ತು, ನಮ್ಮ ಕ್ಯಾಂಟೀನಿನ ಹಾಗೆ. ಆಮೇಲೆ ಸ್ವಿಚ್ ಬಂತು, ಯಾರ ಮಾತೋ ಅವರಿಗೇ ತಲುಪಿಸುತ್ತದೆ. ನನ್ನ ಮಗಳು ಏಳು ವರ್ಷದವಳಿದ್ದಾಗ ಇದನ್ನು ಕೇಳಿ, "ಹಾಗಾದ್ರೆ ಅಮ್ಮ ಹಬ್ಬು, ನೀನು ಸ್ವಿಚ್ಚು" ಅಂದಿದ್ದಳು. ಬೇರೆ ಮಕ್ಕಳು ಮಗ್ಗಿ ಹೇಳುವಾಗ ಅವಳು ಬಣ್ಣ ಹೇಳುತ್ತಿದ್ದಳು: ಕಿತ್ತಳೆ ಬಿಳಿ, ಕಿತ್ತಳೆ, ಹಸಿರು ಬಿಳಿ, ನೀಲಿ, ನೀಲಿ ಬಿಳಿ, ಹಸಿರು, ಕಂದು ಬಿಳಿ, ಕಂದು. ಎಂಟು ಎಳೆಯನ್ನೂ ಅದೇ ಸಾಲಿನಲ್ಲಿ ಹಿಡಿದು ತುದಿಗೆ ಪ್ಲಗ್ ಕೂರಿಸುತ್ತಿದ್ದಳು. ತುದಿ ಜೋತಾಡಲು ಬಿಡಬಾರದು, ಕೆಲಸ ಮುಗಿದಮೇಲೆ ಪ್ರತಿ ತುದಿಗೂ ಒಂದು ಜಾಗ ಇರಬೇಕು ಎಂದು ಹೇಳಿಕೊಟ್ಟವನು ನಾನು.

ಅವಳು ಇಲ್ಲಿಗೇ ಕೆಲಸಕ್ಕೆ ಸೇರಿದಾಗ ನಾನು ಅವಳಿಗೊಂದು ಏಣಿ ತರಿಸಿಟ್ಟೆ. ಅವಳು ಏಣಿ ತೆಗೆದುಕೊಂಡು ಚಿಕ್ಕಪ್ಪನ ಕಡೆ ಹೋದಳು. ಮಧ್ಯಾಹ್ನದ ಊಟ ಅವರ ಮೇಜಿನಲ್ಲಿ. ಮನೆಗೆ ಬಂದರೆ "ಚಿಕ್ಕಪ್ಪ ಹಾಗಂದ್ರು, ಚಿಕ್ಕಪ್ಪ ಹೀಗಂದ್ರು." ನಾನೂ ದಿನಕ್ಕೆ ನಾಲ್ಕು ಮಾತು ಹೇಳುವವನೇ. ಅವನ್ನು ಅವಳು ಆ ಮೇಜಿನಲ್ಲಿ ಹೇಳುತ್ತಾಳೆಯೇ? ಕೇಳಲು ಮನಸ್ಸಾಗಲಿಲ್ಲ.

ಈಗ ಸನ್ಮಾನಿತರ ದೊಡ್ಡ ಗುಣ ಹೇಳಿ ಮುಗಿಸುತ್ತೇನೆ. ಕಳೆದ ವರ್ಷ ಶಾಲಾ ಪುಸ್ತಕಗಳ ಕೆಲಸ ನಡೆದಿದ್ದಾಗ ಒಂದು ಬೆಳಗ್ಗೆ ಇಡೀ ಜಾಲ ಸತ್ತು ಕೂತಿತು. ಯಂತ್ರಗಳು ನಿಂತವು. "ಹಳೇ ಕೇಬಲ್ ಅಲ್ವಾ, ಇನ್ನೆಷ್ಟು ದಿನ ಬರುತ್ತೆ" ಎಂದು ಆಡಿದವರು ಈ ಸಭೆಯಲ್ಲಿದ್ದಾರೆ. ನಾನು ಕೋಣೆ ಕೋಣೆ ಹುಡುಕಿದೆ. ಕರಡು ತಿದ್ದುವ ಕೋಣೆಯಲ್ಲಿ ಸಿಕ್ಕಿತು. ಗೋಡೆಯ ಒಂದು ಸಾಕೆಟ್ಟಿನಿಂದ ಹೊರಟ ಗಿಡ್ಡ ಕೇಬಲ್ ಪಕ್ಕದ ಸಾಕೆಟ್ಟಿಗೇ ಸೇರಿತ್ತು. ಹಾಗೆ ಸೇರಿಸಿದರೆ ಒಂದು ಮಾತು ಹೊರಟು, ತಿರುಗಿ ಅಲ್ಲಿಗೇ ಬಂದು, ಮತ್ತೆ ಹೊರಟು, ಸುತ್ತಿ ಸುತ್ತಿ ಲಕ್ಷವಾಗಿ ಎಲ್ಲರ ದಾರಿಯನ್ನೂ ತುಂಬಿಬಿಡುತ್ತದೆ. ಹೊಸ ಸ್ವಿಚ್ಚುಗಳು ಇದನ್ನು ಗುರುತಿಸಿ ತಡೆಯುತ್ತವೆ. ಆ ಕೋಣೆಯದು ಹಳೆಯದು. ಕೇಬಲನ್ನು ಕಿತ್ತೆ, ಜಾಲ ಎದ್ದಿತು.

ಅಧ್ಯಕ್ಷರು ಎಲ್ಲರನ್ನೂ ಕರೆಸಿ "ಯಾರ ಕೆಲಸ ಇದು?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಷಡ್ಡಕರು ಎದ್ದು, "ನಾನೇ ಸರ್. ಗಡಿಬಿಡಿಯಲ್ಲಿ ಸಿಕ್ಕಿಸಿಬಿಟ್ಟೆ" ಅಂದರು. ಬೈಸಿಕೊಂಡರು. ಆ ವರ್ಷದ ಬಡ್ತಿ ತಪ್ಪಿತು.

ಆದರೆ ಸಭಿಕರೇ, ಆ ಬೆಳಗ್ಗೆ ಅವರು ಗೋದಾಮಿನ ಏಣಿಯ ಮೇಲಿದ್ದರು. ಏಣಿ ಹಿಡಿದಿದ್ದವನು ನಾನು. ಅವರಲ್ಲ ಎಂದಮೇಲೆ ಇನ್ನಾರು? ನೆಲದಲ್ಲಿ ಜೋತಾಡುವ ತುದಿಯನ್ನು ನೋಡಿ ಸುಮ್ಮನೆ ದಾಟಿಹೋಗಲಾರದ ಕೈ ಈ ಕಟ್ಟಡದಲ್ಲಿ ಎರಡೇ ಜೊತೆ. ಒಂದು ನನ್ನದು. ಇನ್ನೊಂದು ನನ್ನ ಮಗಳದು.

ಬಾಯಿಂದ ಬಿತ್ತು. ಅಧ್ಯಕ್ಷರೇ, ಇದನ್ನು ಹೇಳಬೇಕೆಂದು ಬಂದವನಲ್ಲ ನಾನು. ಮಗಳೇ, ಏಳಬೇಡ, ಕೂತುಕೋ. ಎಲ್ಲಿ ಸೇರಬೇಕೆಂದು ಗೊತ್ತಿಲ್ಲದ ತುದಿಯನ್ನು ಜೋತಾಡಲು ಬಿಡಬಹುದು. ಪಾಠದ ಆ ಭಾಗವನ್ನು ನಿನಗೆ ಯಾರೂ ಹೇಳಿರಲಿಲ್ಲ.

ಷಡ್ಡಕರೇ, ನೀವು ತಲೆ ತಗ್ಗಿಸಿ ಫಲಕ ನೋಡುತ್ತಿದ್ದೀರಿ. ನೋಡಿ. ನಿಮ್ಮ ತಟ್ಟೆಗಳ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು, ನಿಮ್ಮ ಊಟದ ಮೇಜಿನ ಮೇಲೆ ಇತ್ತು. ಅವೆಲ್ಲ ಸಣ್ಣವು. ಅಂದು ಆ ಸಭೆಯಲ್ಲಿ ನೀವು ಎದ್ದು ನಿಂತು ಆಡಿದ ಆ ಒಂದು "ನಾನೇ" ಇದೆಯಲ್ಲ, ಅದು ನನ್ನ ಮಾತು. ಅಪ್ಪನಾದವನು ಆಡಬೇಕಾದ ಮಾತು. ನನಗಿಂತ ಅರ್ಧ ಉಸಿರು ಮೊದಲು ನೀವು ಎದ್ದಿರಿ. ಅದಕ್ಕಾಗಿ ನಿಮ್ಮನ್ನು ಹೊಗಳಬೇಕೆಂದು ನನಗೆ ಗೊತ್ತು. ಹೊಗಳುತ್ತಿದ್ದೇನೆ. ಕ್ಷಮಿಸುವುದಕ್ಕೆ ಮಾತ್ರ ಆಗಿಲ್ಲ.

ರಸ್ತೆಯಾಚೆ ಹೊಸ ಕಟ್ಟಡ ಎದ್ದಿದೆ. ಅಲ್ಲಿಯ ಜಾಲ ಷಡ್ಡಕರದ್ದು. ಮಗಳನ್ನು ಅವರ ಜೊತೆ ಅಲ್ಲಿಗೆ ಕಳಿಸಲೇ, ಇಲ್ಲಿ ನನ್ನ ಹತ್ತಿರವೇ ಬಿಡಲೇ ಎಂದು ಅಧ್ಯಕ್ಷರು ಹೋದ ವಾರ ಕೇಳಿದರು. ನಾನು ಯೋಚಿಸುತ್ತೇನೆ ಅಂದೆ. ಅವಳೂ ಕೇಳಿದಳು: "ಅಪ್ಪ, ನೀನು ಹೂಂ ಅಂದ್ರೆ ಹೋಗ್ತೀನಿ. ಬೇಡ ಅಂದ್ರೆ ಇಲ್ಲೇ ಇರ್ತೀನಿ, ಬೇಜಾರಿಲ್ಲ." ಬೇಜಾರಿಲ್ಲ ಎಂದು ಅಷ್ಟು ನಿಧಾನವಾಗಿ ಹೇಳುವವರಿಗೆ ಬೇಜಾರಿಲ್ಲದೆ ಇರುತ್ತದೆಯೇ? "ಬೇಡ" ಎನ್ನುವ ಮಾತನ್ನು ವಾರವಿಡೀ ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡೇ ಓಡಾಡಿದೆ. ಇಲ್ಲಿಗೆ ಬರುವಾಗಲೂ ಅದು ಅಲ್ಲೇ ಇತ್ತು.

ಎರಡು ಕಟ್ಟಡಗಳ ನಡುವೆ ಏನಿರಬೇಕೆಂಬ ಪ್ರಶ್ನೆಯೂ ಬಾಕಿಯಿದೆ. ಚಾವಣಿಯಿಂದ ಚಾವಣಿಗೆ ಗಾಳಿಯಲ್ಲೇ ಕಳಿಸೋಣ ಎನ್ನುತ್ತಾರೆ ಷಡ್ಡಕರು. ನಡುವೆ ಲಾರಿಗಳು, ಕ್ರೇನು, ನಾಳೆ ಯಾರೋ ಎಬ್ಬಿಸುವ ಇನ್ನೊಂದು ಮಹಡಿ. ಬೇಡ. ನೆಲದಡಿ ಪೈಪು ಹೂತು ಫೈಬರ್ ಎಳೆಯಬೇಕು. ಎಳೆಯುವವನು ನಾನು. ಆ ತುದಿಯಲ್ಲಿ ಅದನ್ನು ಹಿಡಿದು ರೂಟರಿಗೆ ಸೇರಿಸುವವಳು ಅವಳು.

ಅಂದರೆ, ನನ್ನ ಉತ್ತರ ಹೂಂ. ಇದನ್ನು ಅವಳಿಗೆ ಮನೆಯಲ್ಲಿ ಹೇಳಿಲ್ಲ, ಅಧ್ಯಕ್ಷರಿಗೂ ಕಚೇರಿಯಲ್ಲಿ ಹೇಳಿಲ್ಲ. ನಾಳೆ ರಜೆ. ಸೋಮವಾರ ಬೆಳಗ್ಗೆ ಹೋಗಿ ಹೇಳುತ್ತೇನೆ. ಅಲ್ಲಿಯವರೆಗೆ ನನ್ನ ಮನಸ್ಸು ಬದಲಾಗದಂತೆ ನೀವೆಲ್ಲ ಸಾಕ್ಷಿ.

ಐದು ನಿಮಿಷ ದಾಟಿದೆ. ಮೈಕು ಒಮ್ಮೆಯೂ ಗೊರಗುಡಲಿಲ್ಲ, ಅದೂ ಅವರ ಹೆಸರಿಗೇ ಸೇರಲಿ. ತಾಳ್ಮೆಯಿಂದ ಕೇಳಿದ ನಿಮಗೆ, ಏಣಿ ಹಿಡಿದವರಿಗೂ ಹತ್ತಿದವರಿಗೂ ವಂದನೆಗಳು. ನಮಸ್ಕಾರ.