ಬುಕ್ಕಿನ ಕಿವಿ

ಹಲೋ… ಯಾರ್ರಿ ಮಾತಾಡೋದು?…

ಯಾರು?… ಕ್ರಾಂತಿಕುಮಾರ್ ಸರ್ರಾ? ನಂಬರು ಹೊಸಾದೈತಲ್ಲ. ಹಳೇ ನಂಬರಿಗೆ ನಾನು ಎಷ್ಟು ಸಲ ಹಚ್ಚೀನಿ ಗೊತ್ತೈತೇನು? ನಾಕು ತಿಂಗಳಾತು. ಒಮ್ಮೆರ ಎತ್ತಿದ್ರೇನು?…

ಹಾಂ, ನಾನ ಮೈಲಮ್ಮ. ಹೊಸಹಳ್ಳಿ ಮೈಲಮ್ಮ, ಕುರಿ ಕಾಯೋಕಿ. ನೆನಪಾತಲ್ಲ, ಸಂತೋಷ ಆತು…

ಎಲ್ಲಿಂದ?… ಹರಪನಹಳ್ಳಿಯಿಂದಾ? ಯುವ ಸಮಾವೇಶ ಇವತ್ತಾ? ನನಗ್ಯಾರು ಹೇಳ್ಯಾರ್ರಿ! ಕೂಡ್ಲಿಗಿ ಕ್ಯಾಂಪಿನ್ಯಾಗ ಏನಂದಿದ್ರಿ? "ಸಮಾವೇಶಕ್ಕೂ ಹೊಸ ಕಂಪನಿ ಬೆಳೆಸೋ ನಮ್ಮ ಇನ್‌ಕ್ಯುಬೇಟರಿಗೂ ಪಾರ್ಟ್ನರ್‌ಶಿಪ್ಪು, ನಿನಗೂ ನನಗೂ ಪಾರ್ಟ್ನರ್‌ಶಿಪ್ಪು, ಸ್ಟೇಜ್ ಮ್ಯಾಲೆ ಕುಂದರಸ್ತೀನಿ" ಅಂದಿದ್ರಿ. ಕುರಿ ಕಿವಿ ಗುರುತು ಬರದಿಟ್ಟ ನನ್ನ ಬುಕ್ಕು ಎಂಟು ದಿನಕ್ಕ ಅಂತ ಇಸಗೊಂಡ್ರಿ…

ಅವಸರ ನಿಮಗೈತಿ, ನನಗಿಲ್ಲ. ಕುರಿ ನೀರು ಕುಡಿಯಾಕತ್ಯಾವು, ನಿಂತೀನಿ. ಹೇಳ್ರಿ…

ಹಾಂ… ಹಾಂ… ಕುರಿ ಕಿವಿ ಫೋಟೋ ಹೊಡದ್ರ ಮಾಲಕನ ಹೆಸರು ಮೊಬೈಲಿನ್ಯಾಗ ಬರ್ತೈತಿ, ಅಷ್ಟ ಅಲ್ವಾ ನಿಮ್ಮ ಆ್ಯಪು? ಗೊತ್ತೈತಿ ಬಿಡ್ರಿ. ಪೇಪರಿನ್ಯಾಗ ನಿಮ್ಮ ಫೋಟೋ ನೋಡೀನಿ. ಬಾಜೂಕ ನಂದೂ ಇತ್ತು. ಕೆಳಗ "ಗ್ರಾಮೀಣ ಮಹಿಳೆಯೊಬ್ಬರು" ಅಂತ ಹಾಕಿದ್ರಿ. ಯಾರ್ರಿ ಆ ಒಬ್ಬರು? ಹೆಸರಿಲ್ಲೇನು ಅವರಿಗಿ?…

ನಾನು ಇನ್‌ಕ್ಯುಬೇಟರ್ ಅಂದ್ರ ತತ್ತಿ ಇಟ್ಟು ಮರಿ ಮಾಡೋ ಪೆಟ್ಟಿಗಿ ಅನ್ಕೊಂಡಿದ್ದೆ. ಖರೇನ ಆತು. ತತ್ತಿ ನಂದು, ಮರಿ ನಿಮ್ದು…

ಏನಾತು?… ಸ್ಪರ್ಧೆಯಾಗ, ತೀರ್ಪುಗಾರರ ಮುಂದ ತಪ್ಪು ಹೆಸರು ಬಂತಾ? ಯಾರ ಕುರಿ ತಂದಿದ್ರಿ?… ಅರಸೀಕೆರಿ ಪಾಲಣ್ಣಂದಾ. ಬಂದ ಹೆಸರು?… ಇಟ್ಟಿಗಿ ಹುಲುಗೇಶ… ಸ್ಟೇಜ್ ಮ್ಯಾಲೆ ಹತ್ತಿ ಬೈದನಾ ಪಾಲಣ್ಣ? ಬೈತಾನ. ತನ್ನ ಕುರಿ ಇನ್ನೊಬ್ಬಂದು ಅಂದ್ರ ನಿಮಗ ಹಾರ ಹಾಕ್ತಾನೇನು?…

ಏನಂದ್ರಿ? ನನ್ನ ಬುಕ್ಕಿನಾಗ ತಪ್ಪೈತಾ? ಇನ್ನೊಮ್ಮೆ ಅನ್ರಿ…

ಸರ, ಏಳನೇತ್ತಿಗೆ ಶಾಲಿ ಬಿಟ್ಟು ಕುರಿ ಹಿಂದ ಬಂದಾಕಿ ನಾನು. ಹನ್ನೊಂದು ವರ್ಷಾತು. ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಎಲ್ಲಾ ಕಡಿ ಅಡ್ಡಾಡೀನಿ. ಯಾರನ್ನೂ ಮಾತಾಡ್ಸಾಕ ನನಗ ನಾಚಿಕಿ. ಅದಕ್ಕ ದೂರ ಕುಂತು ನೋಡ್ತಿದ್ದೆ. ಯಾವ ಮನಿಯೋರು ಯಾವ ಕಿವಿಗಿ ಎಂಥಾ ಗುರುತು ಕೊಯ್ತಾರ, ನೋಡಿ ನೋಡಿ ಚಿತ್ರಾ ಬರದೀನಿ. ಮುನ್ನೂರ ಹನ್ನೆರಡು ಮನಿ. ಒಂದೂ ತಪ್ಪಿಲ್ಲ…

ಅವರಿಬ್ಬರ ಗುರುತೂ ಒಂದ ಅಂತೀರಾ? ಅಲ್ರಿ. ಸೀಳು ಒಂದ, ಕಿವಿ ಬ್ಯಾರೆ. ಎಡಗಿವಿ ಸೀಳಿದ್ರ ಪಾಲಣ್ಣಂದು, ಬಲಗಿವಿ ಸೀಳಿದ್ರ ಹುಲುಗೇಶಂದು. ನೀವು ಹೆಂಗ… ತಡೀರಿ. ನನ್ನ ಚಿತ್ರದಾಗ ಎಡಗಡಿ ಇದ್ದದ್ದನ್ನ ಯಾವ ಕಿವಿ ಅಂತ ತಗೊಂಡೀರಿ?… ಬಲಗಿವಿ… ಯಾಕ?… ಕುರಿ ನಿಮ್ಮ ಕಡಿ ಮುಖ ಮಾಡೈತಿ ಅಂತಾ? ಹಾಂ… ಹಾಂ. ಒಂದ್ ನಿಮಿಷ ಹಿಡೀರಿ…

ಚಿಗವ್ವ! ಏ ಜಂಬಕ್ಕ ಚಿಗವ್ವ, ಇಲ್ಲಿ ಬಾ. ಫೋನಿಗಿ ಕೈ ಮುಚ್ಚೀನಿ, ಅವಗ ಕೇಳ್ಸಂಗಿಲ್ಲ. ಇವರು ಕುರಿ ಮುಂದ ನಿಂತು ನನ್ನ ಬುಕ್ಕು ನೋಡ್ಯಾರ! ಕುರಿ ಕಾಯೋರು ಯಾವತ್ತರ ಮುಂದ ನಿಂತು ನೋಡ್ತಾರೇನು? ಹಿಂದಿಂದ ಕಂಡಂಗ ಬರದೀನಿ ನಾನು. ಎಡಾ ಬಲಾ ಆಗೈತಿ, ಬಲಾ ಎಡಾ ಆಗೈತಿ, ಮುನ್ನೂರ ಹನ್ನೆರಡೂ… ನಗಬ್ಯಾಡ ಸುಮ್ನಿರು, ಕೇಳ್ತೈತಿ…

ಹಾಂ, ಅದೀನಿ ಸರ. ತಪ್ಪು ಎಲ್ಲೈತಿ ಅಂತ ಗೊತ್ತಾತು… ಹೇಳಂಗಿಲ್ಲ…

ಹೇಳಂಗಿಲ್ಲ ಅಂದ್ರ ಹೇಳಂಗಿಲ್ಲ. ಶಾಲು ಹೊದಸ್ತೀರಾ? ನಮ್ಮ ಮನಿಯಾಗ ಕಂಬಳಿ ಅದಾವು… ಏನು, ಕೇಸು ಹಾಕ್ತೀರಾ? ಯಾರ ಮ್ಯಾಲೆ, ಗ್ರಾಮೀಣ ಮಹಿಳೆಯೊಬ್ಬರ ಮ್ಯಾಲೇನು? ಹಾಕ್ರಿ, ಯಾರ ಹೆಸರಿಗಿ ನೋಟಿಸು ಬರ್ತೈತಿ ನೋಡೋಣು…

ನನಗ ಬೇಕಾದ್ದು ಒಂದ. ಮೈಕಿನ್ಯಾಗ ಹೇಳ್ರಿ, ಈ ಬುಕ್ಕು ಹೊಸಹಳ್ಳಿ ಮೈಲಮ್ಮಂದು ಅಂತ. ಬುಕ್ಕು ವಾಪಸ್ ಕೊಡ್ರಿ. ಆಮ್ಯಾಲೆ ತಪ್ಪು ಹೇಳ್ತೀನಿ…

ನಂದು ಅನ್ನಾಕ ಏನೈತಿ ಅಂತೀರಾ?… ಹೌದು, ಹೆಸರು ಬರದಿಲ್ಲ… ಇಲ್ಲ, ಸಹಿನೂ ಇಲ್ಲ… ಏನು? ಮೂಲಿ ಇಲಿ ತಿಂದಾವಾ? ಇಂಥಾ ಹರಕು ಬುಕ್ಕಿಗಿ ಇಷ್ಟು ಜಂಬ ಅಂತೀರಾ?…

ಇಲಿ ತಿಂದಾವು. ಆಗ್ಲಿ… ಸರ, ಬುಕ್ಕು ಅಲ್ಲೇ ಐತೇನು? ನಿಮ್ಮ ಮುಂದ, ಮೇಜಿನ ಮ್ಯಾಲೆ?… ಪಾಲಣ್ಣನೂ ಅಲ್ಲೇ ಅದಾನಾ? ಇನ್ನೂ ಒದರಾಕತ್ತಾನಾ? ಫೋನು ಅವನ ಕೈಯಾಗ ಕೊಡ್ರಿ… ಕೊಡ್ರಿ ಅಂತೀನಿ. ನಾನು ಹೇಳಿದ್ರ ಸುಮ್ನಾಗ್ತಾನ…

ಪಾಲಣ್ಣ ಮಾವ? ನಾನು ಮೈಲಮ್ಮ, ಹೊಸಹಳ್ಳಿ ಮೈಲಾರೇಶನ ಮಗಳು… ಹಾಂ, ಆ ಬಾಯಿ ಬಿಡದ ಹುಡುಗಿನ. ಇವತ್ತು ಬಿಟ್ಟೀನಿ. ಬೈಯೋದು ಆಮ್ಯಾಲೆ ಬೈ, ಮೊದ್ಲು ಆ ಮೇಜಿನ ಮ್ಯಾಲಿನ ಬುಕ್ಕು ತಗೋ… ಅವರು ಬ್ಯಾಡ ಅಂದ್ರೂ ತಗೋ. ಓದಾಕ ಬರಬೇಕಂತಿಲ್ಲ ಮಾವ. ಮ್ಯಾಲಿನ ಎರಡು ಮೂಲಿ ನೋಡು…

ಇಲಿ ತಿಂದದ್ದಲ್ಲ. ಬಟ್ಟು ಆಡಿಸಿ ನೋಡು. ಕತ್ರಿಲೆ ಕೊಯ್ದದ್ದು, ಎಲ್ಲಾ ಹಾಳಿಗೂ ಒಂದ ಥರ… ಹಾಂ, ಎಡಕ್ಕ ಎರಡು ಕಚ್ಚು, ಬಲಕ್ಕ ತುದಿ ಹಾರಿಸಿದ್ದು. ಬುಕ್ಕಿಗೂ ಕಿವಿ ಅದಾವಲ್ಲ ಮಾವ. ತಪ್ಪಿಸಿಕೊಂಡ್ರ ಯಾರರ ಗುರುತು ಹಿಡಿದು ಮನಿ ಮುಟ್ಟಿಸ್ಲಿ ಅಂತ ಕೊಯ್ದಿದ್ದೆ…

ಆ ಗುರುತು ಯಾವ ಮನೀದು?… ನನಗ ಹೇಳಿದ್ರ ಏನ್ ಬಂತು! ಮೈಕಿನ್ಯಾಗ ಹೇಳು. ಕುಂತೋರಿಗೆಲ್ಲಾ ಕೇಳ್ಲಿ…

ಯಾರದು ಕಸಗೊಳ್ಳೋದು? ಸರ, ಕೈ ಬಿಡ್ರಿ… ಬಿಡ್ರಿ ಅವನ್ನ! ಮಾವ, ಬುಕ್ಕು ಕೊಡಬ್ಯಾಡ. ಹೇಳು, ಹೇಳು…

ಹಾಂ… ಕೇಳಿಸ್ತು. ಮೈಕಿನ್ಯಾಗ ಬಂದದ್ದು ಇಲ್ಲೀತನಕ ಕೇಳಿಸ್ತು. ಚಿಗವ್ವ, ನನ್ನ ಹೆಸರು ಕೇಳಿಸ್ತೇನು?… ಮಾವ, ಇನ್ನೊಂದ್ ಸಲ ಹೇ… ಹಲೋ? ಮಾವ?… ಫೋನು ಕಟ್ಟಾತು ಚಿಗವ್ವ.